ಎಲೆ ಮುಂದೆ ಕೂಡುವವರು ಬೇಕಾಗಿದ್ದಾರೆ

ವಾದೀಂದ್ರನನ್ನು ನೀವು ನಾರಾಯಣಪೇಟೆಯಲ್ಲಿ ನೋಡಿಯೇ ಇರುತ್ತೀರಿ, ನೆನಪಿಟ್ಟುಕೊಂಡಿರುವುದಿಲ್ಲ ಅಷ್ಟೆ. ನೆನಪಿಟ್ಟುಕೊಳ್ಳುವಂಥದ್ದು ಅವನಲ್ಲಿ ಬೂಟು ಒಂದೇ. ಚಪ್ಪಲಿ ಡಾಂಬರಿಗೆ ಅಂಟಿಕೊಳ್ಳುವ ಬಿಸಿಲಿನಲ್ಲೂ ಕರಿ ಬೂಟು, ಇಸ್ತ್ರಿ ಪ್ಯಾಂಟು, ಕೊರಳಲ್ಲಿ ತನ್ನದೇ ಫೋಟೋ ಇರುವ ಗುರುತಿನ ಕಾರ್ಡು. ಆಫೀಸು ಅವನದೇ, ಬೀಗ ತೆಗೆಯುವವನೂ ಅವನೇ, ಆದರೂ ಕಾರ್ಡು. ಯಾರಿಗೆ ತೋರಿಸುತ್ತಾನೋ ದೇವರಿಗೇ ಗೊತ್ತು.

ಹಳೆ ಬಸ್‌ಸ್ಟ್ಯಾಂಡಿನ ಎದುರು, ಮೊಬೈಲ್ ಅಂಗಡಿಯ ಮೇಲೆ ಅವನ 'ಟ್ಯಾಲೆಂಟ್ ಪಾಯಿಂಟ್'. ಕೆಲಸ ಬೇಕಾದವರನ್ನು ಕೆಲಸ ಕೊಡುವವರ ಹತ್ತಿರ ಕಳಿಸುವುದು ಅವನ ದಂಧೆ. ಮಖ್ತಲ, ಗದ್ವಾಲ, ಮಾಗನೂರು, ಎಲ್ಲ ಕಡೆಯಿಂದ ಹುಡುಗರು ದರಖಾಸ್ತು ಹಿಡಿದುಕೊಂಡು ಬರುತ್ತಾರೆ. ಅಲ್ಲಿ ಫೋನ್ ಎತ್ತುವವಳು ನಾನು, ನವನೀತಾ. ನೇಕಾರರ ಓಣಿಯವಳು. ಡಿಗ್ರಿ ಮುಗಿಸಿ ಕೆಲಸ ಕೇಳಿಕೊಂಡು ಅವನ ಮೆಟ್ಟಿಲು ಹತ್ತಿದೆ. ಎಲ್ಲಿಗೂ ಕಳಿಸಲಾಗದೆ ತನ್ನಲ್ಲೇ ಕೂಡಿಸಿಕೊಂಡ. ಆ ತಿಂಗಳಲ್ಲಿ ಅವನು ಕೊಡಿಸಿದ ಕೆಲಸ ಅದೊಂದೇ.

ಹೈದರಾಬಾದಿನ ಯಾವುದೋ ಕಂಪನಿಯಲ್ಲಿ ಸ್ವಲ್ಪ ದಿನ ಇದ್ದು ಬಂದವನಾದ್ದರಿಂದ ಅವನಿಗೆ ಎಲ್ಲವೂ ಗೊತ್ತು. ಗೋಡೆಯ ಮೇಲೊಂದು ಬಿಳಿ ಬೋರ್ಡು. ಅದರ ನಡುವೆ ಗೆರೆ. ಒಂದು ಕಡೆ 'ಸುಲಭ', ಇನ್ನೊಂದು ಕಡೆ 'ಕಷ್ಟ'. ಯಾವ ಕೆಲಸಕ್ಕೆ ಆಳು ಬೇಗ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂದು ಅಲ್ಲಿ ಬರೆದು ಬರೆದು ಅಳಿಸುತ್ತಿದ್ದ. ಬರೆಯುವ ಅಗತ್ಯವೇ ಇರಲಿಲ್ಲ. ಫ್ಯಾನಿನ ಕೆಳಗೆ ಕುರ್ಚಿ ಇರುವ ಕೆಲಸವೆಲ್ಲ ಸುಲಭ. ಬಂದವರ ಬಾಯಲ್ಲಿ ಒಂದೇ ಮಾತು.

"ಏನು ಕೆಲಸ ಬೇಕಪಾ?"

"ಯಾವ್ದಾದ್ರೂ ನಡೀತೈತಿ ಸಾರ್. ಸೂಪರ್‌ವೈಜರ್."

"ನಿಂಗೇನು ಬರ್ತೈತಿ?"

"ನೋಡಿಕೊಳ್ಳಾಕ ಬರ್ತೈತಿ ಸಾರ್."

ಹೀಗೆ ನೋಡಿಕೊಳ್ಳುವವರು ಈ ಜಿಲ್ಲೆಯಲ್ಲಿ ಜೋಳದ ತೆನೆಗಿಂತ ಹೆಚ್ಚು. ಮಾಡುವವರು ಬೇಕೆಂದರೆ ಮಾತ್ರ ವಾದೀಂದ್ರ ಸಾರ್ ಕೆಮ್ಮುತ್ತಾನೆ. ಮಖ್ತಲದ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನವರು ಫಿಟ್ಟರ್ ಕಳಿಸಿ ಎಂದರೆ ಇಬ್ಬರು ಸೂಪರ್‌ವೈಜರುಗಳನ್ನು ಕಳಿಸಿದ. ಒಬ್ಬ ಕೆಟ್ಟ ಮಿಷನ್ನನ್ನು ನೋಡಿಕೊಂಡ, ಇನ್ನೊಬ್ಬ ಅವನನ್ನು ನೋಡಿಕೊಂಡ. ಗದ್ವಾಲದ ಸೀರೆ ವ್ಯಾಪಾರಿ ಮಗ್ಗಕ್ಕೆ ಹಾಸಿನ ಎಳೆ ಕೆಚ್ಚುವ, ಎಂದರೆ ಹಳೆ ಎಳೆಗೆ ಹೊಸ ಎಳೆ ಹೊಸೆದು ಜೋಡಿಸುವ ಹೆಂಗಸು ಬೇಕು ಎಂದಾಗ ನಮ್ಮವ್ವ ಭೀಮಮ್ಮನ ಹೆಸರು ಹೇಳಿದೆ. ಕೇಳಲಿಲ್ಲ. ಟೈಪಿಂಗ್ ಬರುವ ಹುಡುಗಿಯನ್ನು ಕಳಿಸಿದ, "ಬೆರಳು ಚುರುಕು ಅದಾವ" ಅಂತ. ವ್ಯಾಪಾರಿ ಮರುದಿನ ಫೋನ್ ಮಾಡಿ ತೆಲುಗಿನಲ್ಲಿ ಬೈದದ್ದನ್ನು ನಾನೇ ಕೇಳಿಸಿಕೊಂಡೆ. ಎಳೆ ಬಿಡಿಸಲು ಕತ್ತರಿ ಬೇಕಾಯಿತಂತೆ.

ಇನ್ನು ತನಗೇ ಒಂದು ಹೆಂಡತಿ ಸಿಗದೆ ತಲೆಯ ಮುಂಭಾಗ ಬೋಳಾಗುತ್ತ ಬಂದಿತ್ತು. ಅದನ್ನು ಬೋರ್ಡಿನ ಯಾವ ಕಡೆಗೂ ಬರೆದಿರಲಿಲ್ಲ.

ಬೂಟಿನ ಮೋಹ ಅವನಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ಅವನ ಅಪ್ಪನ ಕಥೆ ಹೇಳಬೇಕಾಗುತ್ತದೆ.

ಅಪ್ಪ ಬಿಂದಾಚಾರರು. ಸಣ್ಣ ಗುಡಿಯೊಂದರ ಪೂಜೆ ಇತ್ತು, ಆದರೆ ಊರಿಗೆ ಅವರು ಗೊತ್ತಿದ್ದದ್ದು ಶ್ರಾದ್ಧದ ಊಟಕ್ಕೆ. ಇವರ ಜನರಲ್ಲಿ ಅಪ್ಪನದೋ ಅವ್ವನದೋ ಶ್ರಾದ್ಧ ಮಾಡುವಾಗ ಇಬ್ಬರು ಬ್ರಾಹ್ಮಣರನ್ನು ಕರೆದು ಕೂಡಿಸಬೇಕು. ಒಬ್ಬ ದೇವರ ಸ್ಥಾನದಲ್ಲಿ, ಒಬ್ಬ ಸತ್ತವರ ಸ್ಥಾನದಲ್ಲಿ. ಮಗ ಅವರ ಕಾಲು ತೊಳೆಯುತ್ತಾನೆ. ಎಲೆ ಹಾಕಿ ಬಡಿಸುತ್ತಾರೆ. ಅವರು ಉಂಡರೆ ಸತ್ತವರು ಉಂಡಂತೆ. ಕೂಡುವವನು ಹಿಂದಿನ ರಾತ್ರಿ ಉಣ್ಣಬಾರದು, ಬೆಳಿಗ್ಗೆ ಏನೂ ತಿನ್ನಬಾರದು, ಆ ದಿನ ಇನ್ನೊಂದು ಮನೆಯಲ್ಲಿ ಊಟ ಮಾಡಬಾರದು. ಎಲೆಯ ಮುಂದೆ ಮಾತಾಡಬಾರದು, ಬೇಡ ಅನ್ನಬಾರದು, ನಡುವೆ ಏಳಬಾರದು. ಉಣ್ಣಲು ಬಂದರೆ ಸಾಕು, ಇದಕ್ಕೇನು ಡಿಗ್ರಿ ಬೇಕೇ ಎಂದುಕೊಳ್ಳುತ್ತೀರಿ. ಬೇಕಿಲ್ಲ. ಆದರೂ ಮೂರು ಊರು ಸುತ್ತಿದರೆ ಒಬ್ಬ ಸಿಗುವುದಿಲ್ಲ. ಸತ್ತವರ ಅನ್ನ ಉಂಡರೆ ಅವರ ಪಾಪ ತಗಲುತ್ತದೆ ಎಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು ಮರ್ಯಾದೆ. ಶ್ರಾದ್ಧಕ್ಕೆ ಕೂಡುವವನೆಂದರೆ ಊಟಕ್ಕೆ ಗತಿಯಿಲ್ಲದವನು ಎಂದು ಲೆಕ್ಕ. ಬೇಕು ಎಲ್ಲರಿಗೂ, ಆಗುವವನು ಯಾರೂ ಇಲ್ಲ.

ಬಿಂದಾಚಾರರು ಮಾತ್ರ ಕರೆದಲ್ಲಿಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಗದ್ವಾಲ, ಯಾರದೋ ಬೈಕಿನ ಹಿಂದೆ ಮಲ್ದಕಲ್, ಟೆಂಪೋದಲ್ಲಿ ಉಂಡವಳ್ಳಿ. ಸಂತರೇನಲ್ಲ, ನಾನು ಕಂಡಿದ್ದೇನೆ. ಉಂಡು ಬಂದ ಮರುದಿನ ಕಟ್ಟೆಯ ಮೇಲೆ ಕೂತು ಆ ಮನೆಯ ವಡೆಯ ಬಗ್ಗೆ ತೀರ್ಪು ಕೊಡುತ್ತಿದ್ದರು. "ಇಂಜಿನಿಯರ್ ಮನಿ ವಡಿ ಬ್ಯಾಡ್ರಿ, ಗೋಡಿಗೆ ಒಗದ್ರ ಗೋಡಿ ಬೀಳ್ತೈತಿ." ಗೊರಕೆಯಂತೂ ಎರಡು ಓಣಿಗೆ ಕೇಳಿಸುತ್ತಿತ್ತು. ಊರಿನ ಗಂಡಸರು ಅವರನ್ನು 'ಹೊಟ್ಟಿ ಬಿಂದಾಚಾರ' ಎಂದು ನಗುತ್ತಿದ್ದರು. ತಮ್ಮ ಅಪ್ಪನ ತಿಥಿ ಬಂದಾಗ ಅದೇ ಬಾಯಿಂದ "ಆಚಾರ್ರ, ದಯಮಾಡಿ ಬರ್ರಿ" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಮಗನಿಗೆ ಶಾಲೆಯಲ್ಲಿ 'ಪಿಂಡದ ವಾದ್ಯಾ' ಎಂದು ಹೆಸರು. ಆ ಹೆಸರು ಕಳಚಲು ಬೂಟು ಹಾಕಿದ, ಪ್ಯಾಂಟು ಹಾಕಿದ, ಹೈದರಾಬಾದಿಗೆ ಹೋದ, ಇಂಗ್ಲಿಷ್ ಮಾತಾಡಿದ. ಅಪ್ಪ ದಾರಿಯಲ್ಲಿ ಎದುರಾದರೆ ಫೋನ್ ಬಂದವನಂತೆ ಕಿವಿಗೆ ಹಿಡಿದುಕೊಂಡು ಪಕ್ಕಕ್ಕೆ ತಿರುಗುತ್ತಿದ್ದ. ಯಾರ ಫೋನೂ ಬಂದಿರುತ್ತಿರಲಿಲ್ಲ. ಅವನಿಗೆ ಫೋನ್ ಮಾಡುವವರು ಯಾರಿದ್ದರು?

ಬಿಂದಾಚಾರರು ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಹಳೆ ಫೋನಿಗೆ ಮಾತ್ರ ಕರೆಗಳು ನಿಲ್ಲಲಿಲ್ಲ. "ಆಚಾರ್ರು ಅದಾರೇನ್ರಿ? ಸಪ್ತಮಿಗೆ ಬರಬೇಕಿತ್ತು." ಮೊದಮೊದಲು ರಾಧಾಬಾಯಿ ಅಮ್ಮಾರು ಅಳುತ್ತ ಉತ್ತರ ಕೊಡುತ್ತಿದ್ದರು. ಮಗ ಆ ಫೋನನ್ನು ಆಫೀಸಿಗೆ ತಂದು ನನ್ನ ಮೇಜಿನ ಮೇಲಿಟ್ಟ.

"ನವನೀತಾ, ಇದಕ್ಕ ಡಿಮ್ಯಾಂಡ್ ಅಂತಾರ. ಆಳು ಸಿಗವಲ್ದು, ಮಂದಿ ಕೇಳೂದು ಬಿಡವಲ್ರು."

"ಸಾರ್, ಅದು ನಿಮ್ಮಪ್ಪಾರನ್ನ ಕೇಳಾಕ ಮಾಡ್ತಾರ."

"ಅಪ್ಪ ಇಲ್ಲಲ್ಲ. ಪೋಸ್ಟ್ ಖಾಲಿ ಐತಿ."

ಅಪ್ಪನ ಸಾವನ್ನು ಖಾಲಿ ಹುದ್ದೆ ಎಂದ ಇನ್ನೊಬ್ಬನನ್ನು ನಾನು ಕಂಡಿಲ್ಲ. ಅಂದೇ ಬೋರ್ಡಿನ 'ಕಷ್ಟ' ಕಡೆಗೆ, ಎಲ್ಲಕ್ಕಿಂತ ಮೇಲೆ, 'ಎಲೆ ಮುಂದೆ ಕೂಡುವವರು' ಎಂದು ಬರೆದ. ಜನ್ಮವಿಡೀ ಯಾವ ಕೆಲಸಕ್ಕೆ ನಾಚಿಕೊಂಡಿದ್ದನೋ ಅದನ್ನೇ ದಂಧೆಗೆ ಸೇರಿಸಿಕೊಂಡ. ತಾನು ಕೂಡುವುದಿಲ್ಲ, ಕೂಡುವವರನ್ನು ಕಳಿಸುತ್ತಾನೆ. ರಾಯಚೂರು, ಮಂತ್ರಾಲಯದ ಕಡೆಯೆಲ್ಲ ಫೋನ್ ಮಾಡಿ ಮಾಡಿ ಕೊನೆಗೆ ಗಟ್ಟಿಯಾಗಿ ಸಿಕ್ಕವರು ಇಬ್ಬರೇ. ಮಾಗನೂರಿನ ಜಯತೀರ್ಥಾಚಾರ್ರು ಮತ್ತು ಅವರ ಹೆಂಡತಿಯ ತಮ್ಮ.

ಈ ಜಯತೀರ್ಥಾಚಾರ್ರನ್ನು ನೀವು ನೋಡಬೇಕು. ತನ್ನಂಥವನು ಇನ್ನೊಬ್ಬನಿಲ್ಲ ಎಂದು ತಿಳಿದುಬಿಟ್ಟ ಮನುಷ್ಯ. ಕಾರು ಬೇಕು, ಕಾರಿನಲ್ಲಿ ಮುಂದಿನ ಸೀಟು ಬೇಕು, ವಡೆ ಮೆತ್ತಗಿರಬೇಕು, ಕಾಲು ತೊಳೆಯುವ ನೀರು ಬೆಚ್ಚಗಿರಬೇಕು. ಮೈದುನ ಏನೂ ಕೇಳುವುದಿಲ್ಲ, ಅವನಿಗೆ ಮಾತೇ ಕಡಿಮೆ, ಊಟ ಮಾತ್ರ ಕಡಿಮೆಯಿಲ್ಲ.

ಭಾದ್ರಪದದ ಕೊನೆಗೆ ಬರುವ ಪಕ್ಷಮಾಸ ಹತ್ತಿರವಾಯಿತು. ಆ ಹದಿನೈದು ದಿನ ಎಲ್ಲರ ಮನೆಯಲ್ಲೂ ಸತ್ತವರ ತಿಥಿಗೆ ತಕ್ಕಂತೆ ಶ್ರಾದ್ಧ. ಬಿಂದಾಚಾರರ ವರ್ಷದ ಕರ್ಮ ಮುಗಿದ ಮೇಲೆ ಬಂದ ಮೊದಲ ಪಕ್ಷ ಇದು, ಅವರ ತಿಥಿ ಸಪ್ತಮಿ. ರಾಧಾಬಾಯಿ ಅಮ್ಮಾರು ಮಗನ ಹತ್ತಿರ ಏನನ್ನೂ ಕೇಳುವವರಲ್ಲ. ಕೇಳಿ ಸಿಕ್ಕದ್ದೂ ಇಲ್ಲ. ಗಣಪತಿ ಹಬ್ಬದ ಮರುದಿನ ಆಫೀಸಿನ ಮೆಟ್ಟಿಲು ಹತ್ತಿ ಬಂದರು, ಏದುಸಿರು ಬಿಡುತ್ತ ನನ್ನ ಮೇಜಿನ ಮುಂದೆ ನಿಂತೇ ಹೇಳಿದರು.

"ವಾದ್ಯಾ, ಸಪ್ತಮಿಗೆ ಇಬ್ಬರನ್ನ ಕೂಡಿಸು. ಹುಲ್ಲು ಗಿಲ್ಲು ಇಟ್ಟು ಮಾಡೂದು ಬ್ಯಾಡ. ನಿಮ್ಮಪ್ಪ ಊರಮಂದಿ ಎಲಿಗೆಲ್ಲ ಕೂತಾರ. ಅವರ ಎಲಿಗೆ ಒಬ್ಬ ಮನಷ್ಯಾ ಕೂತು ಉಣ್ಣೂದು ನಾ ಕಣ್ಣಿಲೆ ನೋಡಬೇಕು. ಬ್ಯಾರೆ ಏನೂ ಬ್ಯಾಡ ನಂಗ."

ಬ್ರಾಹ್ಮಣರು ಸಿಗದಿದ್ದರೆ ದರ್ಭೆಯ ಹುಲ್ಲನ್ನು ಗಂಟು ಹಾಕಿ ಅವರ ಜಾಗದಲ್ಲಿಟ್ಟು ಮಾಡುವುದೂ ಉಂಟು. ಅದು ಬೇಡ ಎನ್ನುವುದು ಅವರ ಮಾತು.

"ಅಯ್ಯ ಅವ್ವಾ, ಇದ ನನ್ನ ಬಿಜಿನೆಸ್. ಜಯತೀರ್ಥಾಚಾರ್ರಿಗೆ ಹೇಳಿಬಿಟ್ಟೀನಿ," ಅಂದ. ಹೇಳಿದ್ದೂ ನಿಜ. ನಾನೇ ಫೋನ್ ಮಾಡಿದ್ದೆ.

ಸಪ್ತಮಿಗೆ ಇನ್ನೇನು ಎರಡು ಮೂರು ದಿನ ಇರುವಾಗ ಗದ್ವಾಲದಿಂದ ಇಂಜಿನಿಯರ್ ಸಾಹೇಬರ ಫೋನ್ ಬಂತು. ರಿಟೈರ್ ಆದವರು. ಗೋಡೆ ಬೀಳಿಸುವ ವಡೆಯ ಮನೆ ಅವರದೇ. ಅವರ ಅಪ್ಪನದೂ ಸಪ್ತಮಿ. ಕೂಡುವವರು ಇಬ್ಬರು ಬೇಕು. ಅವರ ಮಗ ಒಂದು ಹೊಸ ಕಾಲೇಜು ಕಟ್ಟಿಸುತ್ತಿದ್ದ. ಕಾವಲುಗಾರರಿಂದ ಹಿಡಿದು ಗುಮಾಸ್ತರವರೆಗೆ ಎಲ್ಲ ಆಳುಗಳನ್ನೂ ಒದಗಿಸುವ ಕೆಲಸ ಒಬ್ಬರಿಗೇ ವಹಿಸುವ ಮಾತು ನಡೆದಿತ್ತು. ವಾದೀಂದ್ರ ಫೋನಿನಲ್ಲೇ ಎದ್ದು ನಿಂತ.

"ಕಳಿಸ್ತೀನಿ ಸಾರ್. ಏ ಒನ್ ಇಬ್ಬರು. ನಿಮ್ಮ ಮನಿ ಅಂದ್ರ ನಮ್ಮ ಮನಿ ಸಾರ್."

ಫೋನ್ ಇಟ್ಟ ಮೇಲೆ ಕೇಳಿದೆ, "ಯಾರನ್ನ ಕಳಿಸ್ತೀರಿ ಸಾರ್?"

"ಜಯತೀರ್ಥಾಚಾರ್ರನ್ನ, ಅವರ ಮೈದುನನ್ನ."

"ಮತ್ತ ನಿಮ್ಮ ಮನಿಗೆ?"

ನಕ್ಕ. ಆ ನಗು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. "ಏ ಹುಚ್ಚಿ, ನಮ್ಮ ಮನಿಗೆ ಆಳಿಗೇನು ಬರಗಾಲ? ನಮ್ಮಪ್ಪ ಕೂಡದ ಮನಿ ಯಾವುದೈತಿ ಈ ಊರಾಗ? ಒಂದು ಮಾತು ಅಂದ್ರ ನಾ ಮುಂದು ನೀ ಮುಂದು ಅಂತ ಬರ್ತಾರ. ನಮ್ಮ ಮನೀದು ಸುಲಭ."

ಬೋರ್ಡಿನಲ್ಲಿ ಅಷ್ಟು ದೊಡ್ಡದಾಗಿ 'ಕಷ್ಟ' ಎಂದು ಬರೆದವನೇ ಈ ಮಾತು ಹೇಳಿದ. ಅವ್ವನಿಗೆ ಹೇಳಲಿಲ್ಲ. ನನಗೂ ಬಾಯಿ ಮುಚ್ಚು ಎಂದ.

ಸಪ್ತಮಿಯ ಬೆಳಿಗ್ಗೆ ಜಯತೀರ್ಥಾಚಾರ್ರು ಮುಂದಿನ ಸೀಟಿನಲ್ಲಿ ಕೂತು ಗದ್ವಾಲಕ್ಕೆ ಹೋದರು. ನಾನು ಫೋನುಗಳನ್ನು ಹಿಡಿದುಕೊಂಡು ವಾದೀಂದ್ರನ ಮನೆಯ ಕಟ್ಟೆಯ ಮೇಲೆ ಕೂತೆ. ಅಲ್ಲಿಂದ ಒಳಗೆ ನನಗೆ ದಾರಿಯಿಲ್ಲ. ಮಡಿ. ಅವನೂ ಮಡಿಯಲ್ಲಿದ್ದ, ಒದ್ದೆ ಧೋತರ, ಬರಿಗಾಲು, ಬರಿ ಎದೆ. ಫೋನ್ ಮುಟ್ಟುವಂತಿಲ್ಲ. ಕರೆ ಬಂದರೆ ನಾನು ಸ್ಪೀಕರ್ ಒತ್ತಬೇಕು, ಅವನು ದೂರದಿಂದ ಕೂಗಿ ಮಾತಾಡಬೇಕು. ಆ ಎದೆಯ ಮೇಲೆ ಗುರುತಿನ ಕಾರ್ಡು ಇಲ್ಲದ್ದನ್ನು ನೋಡಿ ನನಗೆ ಮೊದಲು ಅವನ ಗುರುತೇ ಹತ್ತಲಿಲ್ಲ.

ಒಳಗೆ ರಾಧಾಬಾಯಿ ಅಮ್ಮಾರು ನಸುಕಿನಲ್ಲೇ ಎದ್ದು ಒಲೆ ಹಚ್ಚಿದ್ದರು. ಎಳ್ಳು ಹುರಿದ ವಾಸನೆ, ಹಾಗಲಕಾಯಿಯ ವಾಸನೆ, ವಡೆ ಕರಿದ ವಾಸನೆ. ಆಗಾಗ ಒಳಗಿನಿಂದ ದನಿ ಬರುತ್ತಿತ್ತು. "ಬಂದ್ರೇನ ವಾದ್ಯಾ?"

"ಬರಾಕತ್ಯಾರವ್ವಾ. ದಾರ್ಯಾಗ ಅದಾರ."

ಯಾವ ದಾರಿಯೋ! ನಮ್ಮ ಕಡೆ ಬೆನ್ನು ಮಾಡಿಕೊಂಡು ಗದ್ವಾಲದ ದಾರಿಯಲ್ಲಿದ್ದರು.

ಆಮೇಲೆ ಅವನು ಓಣಿಗೆ ಇಳಿದ, ಹಿಂದೆ ಫೋನ್ ಹಿಡಿದು ನಾನು. ಮೊದಲನೆಯ ಮನೆ ತಹಸೀಲ್ ಕಚೇರಿಯಲ್ಲಿ ಪೇಷ್ಕಾರರಾಗಿ ರಿಟೈರ್ ಆದವರದು. ಅವರ ತಾಯಿಯ ಶ್ರಾದ್ಧಕ್ಕೆ ಪ್ರತಿ ವರ್ಷ ಕೂತವರು ಬಿಂದಾಚಾರರು. ಪೇಷ್ಕಾರರು ಜೋಕಾಲಿಯಲ್ಲಿದ್ದರು.

"ಅಯ್ಯೋ ವಾದೀಂದ್ರ, ನಂಗ ಶುಗರ್ ಐತಲ್ಲಪಾ. ವಡಿ, ಉಂಡಿ, ಪಾಯಸ ಡಾಕ್ಟರ್ ಪೂರಾ ಬಂದ್ ಮಾಡ್ಯಾನ."

ಜೋಕಾಲಿಯ ಮೇಲೆ ತಟ್ಟೆಯಿತ್ತು. ತಟ್ಟೆಯಲ್ಲಿ ಜಿಲೇಬಿ ಇತ್ತು. ನಾನು ತಟ್ಟೆಯನ್ನು ನೋಡಿದೆ, ಪೇಷ್ಕಾರರು ನನ್ನನ್ನು ನೋಡಿದರು, ತಟ್ಟೆಯ ಮೇಲೆ ಪಂಚೆಯ ತುದಿ ಎಳೆದರು.

ಎರಡನೆಯದು ಒಬ್ಬ ಹೊಸ ಮದುವೆಯ ಹುಡುಗನ ಮನೆ. ಅವನನ್ನು ಕಂಪ್ಯೂಟರ್ ಆಪರೇಟರ್ ಮಾಡಿದವನೇ ವಾದೀಂದ್ರ.

"ಸಾರ್, ಬರ್ತಿದ್ದೆ ಸಾರ್. ಆದ್ರ ನಮಗ ಸೂತಕ ಐತಿ."

"ಯಾರು ಹೋದ್ರಪಾ?"

"ರಾಯಚೂರಿನ ನಮ್ಮ ದೊಡ್ಡಪ್ಪ ಸಾರ್."

"ಯಾವಾಗ?"

ಹುಡುಗ ತಲೆ ಕೆರೆದುಕೊಂಡ. "ಇನ್ನಾ ಹೋಗಿಲ್ಲ ಸಾರ್. ಇವತ್ತೋ ನಾಳೆಯೋ ಅನ್ನಾಕತ್ಯಾರ."

ಬದುಕಿರುವ ದೊಡ್ಡಪ್ಪನ ಸೂತಕವನ್ನು ಮುಂಗಡ ಹಿಡಿದವನ ಮನೆಯಿಂದ ನಾವು ಗುಡಿಯ ಪಕ್ಕದ ದೊಡ್ಡ ಮನೆಗೆ ಹೋದೆವು. ಅರ್ಚಕರ ಮನೆತನ, ಹಿಂದೆ ಸಂಸ್ಥಾನದ ಕಾಲದಲ್ಲಿ ಇನಾಮು ಇದ್ದವರು. ಯಜಮಾನರು ನೆಪ ಹೇಳಲಿಲ್ಲ. ಅದಕ್ಕಾದರೂ ಅವರನ್ನು ಮೆಚ್ಚಬೇಕು.

"ನಮ್ಮ ಮನೆತನದಾಗ ಕೂಡಿಸೂದು ಐತಿ, ಕೂಡೂದು ಇಲ್ಲ. ನಿಮ್ಮಪ್ಪಂದು ಬ್ಯಾರೆ ಮಾತು. ಅವ ಅದಕ್ಕ ಇದ್ದ."

ಅವ ಅದಕ್ಕೇ ಇದ್ದ. ಮಗನ ಮುಂದೆ, ಅಪ್ಪನ ತಿಥಿಯ ದಿನ. ನಾನಾಗಿದ್ದರೆ ಕೈಯಲ್ಲಿದ್ದ ಫೋನನ್ನು ಅವರ ಹಣೆಗೆ ಎಸೆಯುತ್ತಿದ್ದೆ. ವಾದೀಂದ್ರ ಏನು ಮಾಡಿದ ಗೊತ್ತೇ? "ಹೌದ್ರಿ, ಹೌದ್ರಿ" ಎಂದು ಕೈ ಮುಗಿದ. ಅವರ ಮೊಮ್ಮಗನಿಗೆ ಸೂಪರ್‌ವೈಜರ್ ಕೆಲಸ ನೋಡಿದ್ದೇನೆ ಎಂದೂ ಸೇರಿಸಿದ.

ಹೀಗೆ ಬಾಗಿಲು ಬಾಗಿಲು. ಒಬ್ಬನಿಗೆ ಬೆನ್ನು, ಒಬ್ಬನಿಗೆ ಬ್ಯಾಂಕು, ಒಬ್ಬ ಬೆಳಿಗ್ಗೆಯೇ ಉಪ್ಪಿಟ್ಟು ತಿಂದುಬಿಟ್ಟಿದ್ದ. ಒಬ್ಬನ ಹೆಂಡತಿ ಬಾಗಿಲಲ್ಲಿ ನಿಂತು "ಊರಾಗಿಲ್ಲ" ಎಂದಳು. ಒಳಗೆ ಗಂಡ ಕೆಮ್ಮಿದ. "ಟಿವಿ," ಎಂದಳು. ಅಪ್ಪ ಕೂಡದ ಮನೆ ಈ ಊರಲ್ಲಿ ಇರಲಿಲ್ಲ ಎಂಬುದು ನಿಜವೇ. ಆ ಮನೆಗಳ ಗಂಡಸರಿಗೆಲ್ಲ ಆ ಒಂದು ಮಧ್ಯಾಹ್ನ ಒಟ್ಟಿಗೇ ರೋಗ ಬಂದಿತ್ತು.

ಬರಿಗಾಲಿನಲ್ಲಿ ಕುಣಿಯುತ್ತ, ನೆರಳಿನಿಂದ ನೆರಳಿಗೆ ಜಿಗಿಯುತ್ತ ವಾಪಸು ಬರುವಾಗ ಅವನು ಓಣಿಯ ತಿರುವಿನಲ್ಲಿ ನಿಂತ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನವನೀತಾ, ನಿಮ್ಮಪ್ಪ ಭೀಮಯ್ಯ ಮನ್ಯಾಗ ಅದಾನೇನು?"

"ಮಗ್ಗದ ಮ್ಯಾಲ ಅದಾನ. ಯಾಕ್ರೀ?"

"ಅಂವಗ ಜನಿವಾರ ಐತಲ್ಲ."

ನೇಕಾರರಿಗೂ ಜನಿವಾರ ಉಂಟು, ಅದು ಸರಿ. ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ತಿಳಿಯಲು ನನಗೆ ಅರೆಗಳಿಗೆ ಬೇಕಾಯಿತು.

"ಧೋತರ ಉಡಿಸಿ, ನಾಮ ಹಚ್ಚಿ ಕೂಡಿಸಿದ್ರ ಯಾರಿಗೆ ತಿಳೀತೈತಿ? ಹೆಂಗೂ ಮಾತಾಡಂಗಿಲ್ಲ. ಸುಮ್ಮ ಉಣ್ಣೂದು."

"ನಮ್ಮಪ್ಪ ರಾತ್ರಿ ಕೋಳಿ ತಿಂದಾನ ಸಾರ್."

"ಥೂ," ಎಂದ.

"ಥೂ ಯಾಕ ಸಾರ್, ಛಲೋ ಇತ್ತು. ಕರೀಲೇನು? ಬಂದ್ರ ಮಾತ್ರ ನಿಮ್ಮ ಮನ್ಯಾಗ ಅಂವಗ ನೀರು ಯಾವ ಲೋಟದಾಗ ಕೊಡ್ತೀರಿ, ಮೊದಲು ಅದು ಹೇಳ್ರಿ."

ಅವನು ಮುಂದಿನ ನೆರಳಿಗೆ ಜಿಗಿದ. ನನಗೇ ಇಷ್ಟು ದಿನ ಆ ಮನೆಯಲ್ಲಿ ನೀರು ಕೊಟ್ಟದ್ದು ಮೇಲಿನಿಂದ ಬೊಗಸೆಗೆ. ಬೇರೆ ಗತಿಯಿಲ್ಲದ ದಿನ ಮಾತ್ರ ನಮ್ಮಪ್ಪ ಅವರ ಅಪ್ಪನಾಗಬಹುದಿತ್ತು!

ಮನೆಗೆ ಬಂದರೆ ಪುರೋಹಿತ ಹರಿಕೃಷ್ಣಾಚಾರ್ರು ಹೊಸ್ತಿಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಮಂತ್ರ ಹೇಳಿಸಲು ಮಖ್ತಲದಿಂದ ಬೈಕಿನಲ್ಲಿ ಬಂದವರು.

"ವಾದೀಂದ್ರಾಚಾರ್ರ, ಹೊತ್ತು ಮೀರಾಕತ್ತೈತಿ. ನಂಗ ಮಖ್ತಲದಾಗ ಇನ್ನೊಂದು ಮನಿ ಐತಿ. ದರ್ಭಿ ಇಟ್ಟು ಮುಗಿಸೂಣೇನು?"

ಒಳಗಿನಿಂದ ರಾಧಾಬಾಯಿ ಅಮ್ಮಾರ ದನಿ ಬಂತು. "ಬ್ಯಾಡ್ರೀ ಆಚಾರ್ರ. ಇನ್ನೊಂಚೂರು ತಡೀರಿ. ಬರ್ತಾರ. ಏ ವಾದ್ಯಾ, ಎಲ್ಲಿ ಮಟ ಬಂದಾರ?"

"ಮಖ್ತಲ ದಾಟಿ ಪಂಕ್ಚರ್ ಆಗೈತಂತವ್ವಾ. ಟಾಯರ್ ಬದಲಿ ಮಾಡಾಕತ್ಯಾರ."

ಆಗ ನನ್ನ ಕೈಯಲ್ಲಿ ಅವನ ಫೋನು ಬಡಿದುಕೊಂಡಿತು. ಇಂಜಿನಿಯರ್ ಸಾಹೇಬರು. ಅವನು ಕಣ್ಣಲ್ಲೇ ಬೇಡ ಎಂದ. ನನಗೆ ಕಣ್ಣಿನ ಭಾಷೆ ಬರುವುದಿಲ್ಲ. ಬೆಳಗಿನಿಂದ ಮಾಡಿದ್ದನ್ನೇ ಮಾಡಿದೆ, ಸ್ಪೀಕರ್ ಒತ್ತಿದೆ.

"ವಾದೀಂದ್ರ ಗಾರು! ಚಾಲಾ ಥ್ಯಾಂಕ್ಸ್ ಅಂಡಿ!" ಓಣಿಗೆಲ್ಲ ಕೇಳುವ ದನಿ. "ಈಗ ತಾನ ಊಟ ಮುಗೀತು. ಜಯತೀರ್ಥಾಚಾರ್ರು ಏನು ಉಂಡ್ರು ಅಂತೀರಿ! ಒಂದಕ್ಕೂ ಬ್ಯಾಡ ಅನ್ನಲಿಲ್ಲ. ನಮ್ಮ ನಾನ್ನಗಾರೇ, ನಮ್ಮಪ್ಪಾರೇ ಬಂದು ಕೂತಂಗ ಆತು ನೋಡ್ರಿ. ಕಾಲೇಜಿನ ಮಾತು ಪಕ್ಕಾ. ನಾಳೆ ಬಂದು ಮಗನ್ನ ನೋಡ್ರಿ."

ವಾದೀಂದ್ರ ಅಡಿಗೆಮನೆಯ ಕಡೆ ತಿರುಗಿದ. ನಾನೇ "ಆಯ್ತು ಸಾರ್" ಎಂದು ಫೋನ್ ಇಟ್ಟೆ. ಒಳಗೆ ಎಣ್ಣೆಯ ಸದ್ದು ನಿಂತಿತ್ತು. ರಾಧಾಬಾಯಿ ಅಮ್ಮಾರು ಜಾಲರಿ ಸೌಟು ಹಿಡಿದುಕೊಂಡೇ ನಡುಮನೆಯ ಬಾಗಿಲಿಗೆ ಬಂದರು. ಮುಖ ಒಲೆಯ ಮುಂದೆ ಕೆಂಪಾಗಿತ್ತು. ಮಗನನ್ನು ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ.

"ನಮ್ಮ ಎಲಿಗೆ ಹೇಳಿದವರನ್ನ ಅಲ್ಲಿಗೆ ಕಳಿಸೀದಿ?"

"ಅವ್ವಾ, ದೊಡ್ಡ ಕಾಲೇಜವ್ವಾ. ಇಡೀ ಸ್ಟಾಫ್ ನಮ್ದ ಆಗ್ತೈತಿ. ಅಪ್ಪಗೂ ಅದ ಖುಷಿ ಅಲ್ಲೇನು? ನಾ ಅನಕೊಂಡೆ, ನಮ್ಮ ಮನಿಗೆ ಯಾರರ ಬಂದ ಬರ್ತಾರಂತ…"

"ಯಾರು ಬಂದ್ರು?"

ಅವನು ಪುರೋಹಿತರ ಕಡೆ ನೋಡಿದ.

"ಕೇಳಾಕತ್ತೀನಿ. ಓಣಿ ತುಂಬ ತಿರಗಿ ಬಂದ್ಯಲ್ಲ, ಯಾರು ಬಂದ್ರು?"

"ಯಾರಿಗೂ ಆಗವಲ್ದವ್ವಾ. ಪೇಷ್ಕಾರರಿಗೆ ಶುಗರ್. ಅರ್ಚಕರ ಮನ್ಯಾಗ ಕೂಡೂ ಪದ್ಧತಿ ಇಲ್ಲಂತ…"

"ಅವರ ಅಪ್ಪ ಸತ್ತಾಗ ನಿಮ್ಮಪ್ಪ ಜ್ವರದಾಗ ಹೋಗಿ ಕೂತಿದ್ರು. ಉಂಡು ಬಂದು ಹಿತ್ತಲದಾಗ ವಾಂತಿ ಮಾಡಕೊಂಡ್ರು. ಅಲ್ಲಿ ಎಲಿ ಮ್ಯಾಲ ಒಂದಗಳು ಬಿಟ್ಟಿರಲಿಲ್ಲ." ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಅವರು ನೋಡಲಿಲ್ಲ. "ಪದ್ಧತಿ ಇಲ್ಲಂತ!"

ಹರಿಕೃಷ್ಣಾಚಾರ್ರು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಹೊತ್ತು…"

"ನೀವು ಕೂಡ್ತೀರೇನ್ರೀ ಆಚಾರ್ರ?"

ಪುರೋಹಿತರು ಒಂದು ಹೆಜ್ಜೆ ಹಿಂದೆ ಸರಿದರು. "ನಾ ಮಂತ್ರ ಹೇಳೋನಮ್ಮಾ. ನಾ ಹೆಂಗ ಕೂಡಾಕ ಬರ್ತೈತಿ? ಮತ್ತ ಮಖ್ತಲದವರು…"

"ಹೌದು. ಎಲ್ಲಾರೂ ಹೇಳೋರು, ಕಳಸೋರು, ಕೂಡಸೋರು. ಕೂಡಾಂವ ಒಬ್ಬ ಇದ್ದ, ಹೋದ." ಬಿಂದಾಚಾರರನ್ನು ಅವರು ಏಕವಚನದಲ್ಲಿ ಹೇಳಿದ್ದನ್ನು ನಾನು ಕೇಳಿದ್ದು ಆ ಒಂದು ಸಲ ಮಾತ್ರ. "ತಗೀರಿ ನಿಮ್ಮ ದರ್ಭಿ. ಈ ಊರ ಗಂಡಸರಕಿಂತ ಹುಲ್ಲು ಮೇಲು. ಕರೆದಲ್ಲಿಗೆ ಬರ್ತೈತಿ."

ಹೀಗೆ ಹುಲ್ಲು ಕೂತಿತು.

ಎರಡು ಮಣೆ ಹಾಕಿ ಒಂದೊಂದರ ಮೇಲೆ ಗಂಟು ಹಾಕಿದ ದರ್ಭೆ ಇಟ್ಟರು. ವಾದೀಂದ್ರ ಹುಲ್ಲಿಗೆ ನೀರು ಚಿಮುಕಿಸಿದ. ಅವ್ವ ಬಿಡಲಿಲ್ಲ. "ಕಾಲು ತೊಳ್ಯಾಕತ್ತೀಯೋ, ಹೂವಿನ ಗಿಡಕ್ಕ ನೀರು ಹಾಕಾಕತ್ತೀಯೋ? ಬಗ್ಗಿ ತೊಳಿ." ಅವನು ಬಗ್ಗಿದ. ಕಟ್ಟೆಯಿಂದ ನನಗೆ ಅವನ ಬೆನ್ನು, ಕಾದ ಡಾಂಬರಿನಿಂದ ಕಪ್ಪಾದ ಅಂಗಾಲು ಕಾಣಿಸುತ್ತಿದ್ದವು.

ರಾಧಾಬಾಯಿ ಅಮ್ಮಾರು ಬಡಿಸಿದರು. ಒಂದೊಂದೇ ತಂದು, ಎಲೆಯ ಯಾವ ಮೂಲೆಗೆ ಯಾವುದು ಬರಬೇಕೋ ಅಲ್ಲಿ ಹಾಕಿದರು. ವಡೆ ಎರಡನೆಯ ಸಲ ತಂದಾಗ ಪುರೋಹಿತರು, "ಸಾಕಮ್ಮಾ, ಹುಲ್ಲಿಗೆ ಎಷ್ಟು ಬಡಿಸಿದ್ರೂ ಅಷ್ಟ," ಎಂದರು. ಅಮ್ಮಾರು ಕೇಳಿಸಿಕೊಳ್ಳಲಿಲ್ಲ. ತುಪ್ಪ ತಂದರು, ಮತ್ತೆ ಪಾಯಸ ತಂದರು. ಅವರು ನೋಡಬೇಕೆಂದಿದ್ದದ್ದು ಉಣ್ಣುವ ಮನುಷ್ಯನನ್ನು. ಎಲೆಯ ಮೇಲಿನ ಅನ್ನ ಹಾಕಿದ ಹಾಗೆಯೇ ಇತ್ತು, ನೊಣ ಓಡಿಸುತ್ತ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅಳಲಿಲ್ಲ. ಅತ್ತಿದ್ದರೆ ನಾನು ಸುಮ್ಮನೆ ಎದ್ದು ಹೋಗುತ್ತಿದ್ದೆ.

ಕೊನೆಗೆ ಮಗ "ತೃಪ್ತಿ ಆಯಿತೇ" ಎಂದು ಕೇಳುವ ಮಂತ್ರ ಬರುತ್ತದೆ. ಕೂತವರು ಆಯಿತು ಎನ್ನಬೇಕು. ವಾದೀಂದ್ರ ಕೇಳಿದ. ಹುಲ್ಲಿನ ಪರವಾಗಿ ಹರಿಕೃಷ್ಣಾಚಾರ್ರು, ಒಂದು ಕಣ್ಣು ಬೈಕಿನ ಮೇಲಿಟ್ಟು, ಆಯಿತು ಎಂದರು. ಬ್ಯಾಗು ಹೆಗಲಿಗೆ ಹಾಕಿಕೊಂಡು ಮಖ್ತಲದ ಕಡೆ ಹೊರಟೇ ಬಿಟ್ಟರು.

ಎಲೆಗಳನ್ನು ಎತ್ತಿ ಆಕಳ ಮುಂದಿಟ್ಟಾಗ ವಾದೀಂದ್ರನಿಗೆ ಬಾಯಿ ಬಂತು. ಹೊಟ್ಟೆ ಹಸಿದಿತ್ತು, ಕೆಲಸ ಮುಗಿದಿತ್ತು, ನಾಳೆ ಕಾಲೇಜು ಪಕ್ಕಾ ಆಗುತ್ತಿತ್ತು. ಅವನ ಧ್ವನಿಯಲ್ಲಿ ಆಗಲೇ ಆಫೀಸಿನ ಗತ್ತು ಮರಳಿತ್ತು.

"ಆತು ಬಿಡವ್ವಾ. ಮುಂದಿನ ವರ್ಷ ಮೊದಲ ಬುಕ್ ಮಾಡಿ ಇಡ್ತೀನಿ. ಮಂತ್ರಾಲಯದಿಂದ ಇಬ್ಬರನ್ನ ತರಿಸ್ತೀನಿ. ಕಾರು ಕಳಿಸಿ."

ರಾಧಾಬಾಯಿ ಅಮ್ಮಾರು ಆಕಳ ಗಂಗೆದೊಗಲು ತುರಿಸುತ್ತ ನಿಂತಿದ್ದರು. ಆಕಳು ಮೊದಲು ವಡೆ ತಿಂದಿತು, ಆಮೇಲೆ ಎಲೆ ತಿಂದಿತು, ಕೊನೆಗೆ ಎಲೆಯೊಂದಿಗೆ ಬಂದಿದ್ದ ದರ್ಭೆಯ ಒಂದು ಎಸಳನ್ನೂ ತಿಂದಿತು.

"ನೀ ಯಾರನ್ನೂ ತರಸಬ್ಯಾಡ," ಎಂದರು. "ಮುಂದಿನ ವರ್ಷ ಹೊಳಿದಂಡಿಗೆ ನಾನ ಹೋಗಿ ಹುಲ್ಲು ಕಿತ್ತಕೊಂಡು ಬರ್ತೀನಿ. ಅದಕ್ಕ ಕಾರೂ ಬೇಕಿಲ್ಲ."